ರೇಡಿಯೋ ವೀಕ್ಷಣಾಲಯದ ತಾತ್ಕಾಲಿಕ ಹವಾಮಾನ ಕಂಬವನ್ನು ಕಾಯಂ ಮಾಡುವುದು ಹೇಗೆ: ಗೌರಿಬಿದನೂರು ಬಯಲಿಗೆ ಒಂದು ಮಾರ್ಗದರ್ಶಿ

ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿಮೀ ಹೋದರೆ ಗೌರಿಬಿದನೂರು ಪಕ್ಕದ ರೇಡಿಯೋ ವೀಕ್ಷಣಾಲಯ ಸಿಗುತ್ತದೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಮತ್ತು ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸೇರಿ ನಡೆಸುವ ಈ ಜಾಗದಲ್ಲಿ 1976ರಿಂದ ಕೆಲಸ ನಡೆಯುತ್ತಿದೆ. 34.5 ಮೆಗಾಹರ್ಟ್ಸ್‌ಗೆಂದು ಕಟ್ಟಿದ, ಇಂಗ್ಲಿಷಿನ ಟಿ ಅಕ್ಷರದ ಆಕಾರದ, ಎರಡು ಕಡ್ಡಿಯ ಸರಳ ಆಂಟೆನಾಗಳಾದ ಸಾವಿರ ಡೈಪೋಲ್‌ಗಳ ದೂರದರ್ಶಕ ಇಲ್ಲಿಯದು. ಅದರ ಪೂರ್ವ-ಪಶ್ಚಿಮದ ತೋಳೇ 1.4 ಕಿಮೀ ಉದ್ದ. ಸೂರ್ಯನನ್ನು ನೋಡುವ ರೇಡಿಯೋಹೀಲಿಯೋಗ್ರಾಫ್ 1997ರಿಂದ ಇದೆ.

ಇಂಥ ಜಾಗಗಳಲ್ಲಿ, ಹಾಗೇ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯ ಎಂಜಿನಿಯರಿಂಗ್ ಕಾಲೇಜುಗಳು ಸಣ್ಣ ಆಂಟೆನಾ ನಿಲ್ಲಿಸುವ ಕಡೆಗಳಲ್ಲಿ, ಹವಾಮಾನ ಅಳೆಯುವ ಉಪಕರಣ ಮೊದಲು ಬರುವುದು ತಾತ್ಕಾಲಿಕವಾಗಿಯೇ. ಒಂದು ತ್ರಿಪಾದಿ, ಅದರ ಮೇಲೆ ಬಿಳಿ ಪ್ಲಾಸ್ಟಿಕ್ ತಟ್ಟೆಗಳ ಒಳಗೆ ಉಷ್ಣತೆಯ ಸೆನ್ಸರ್, ಕೆಳಗೆ ಒಂದು ಡಬ್ಬಿ, ಕಿಟಕಿಯಿಂದ ಹೊರಗೆ ಎಳೆದ ಎಕ್ಸ್‌ಟೆನ್ಷನ್ ಬೋರ್ಡು. ಒಂದು ಸೀಸನ್‌ಗೆ ಅಂತ ಇಟ್ಟಿದ್ದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಅದನ್ನು ಸರಿಯಾದ, ಕಾಯಂ ವ್ಯವಸ್ಥೆಯಾಗಿ ಬದಲಾಯಿಸಬೇಕಾದವರಿಗೆ ಈ ಬರಹ.

ಮೊದಲೇ ಒಂದು ಮಾತು. ಹೊಲದ ಬದಿಯಲ್ಲೋ ಶಾಲೆಯ ಮೇಲೋ ನಿಲ್ಲಿಸುವ ಹವಾಮಾನ ಕೇಂದ್ರಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಇಲ್ಲಿ ಆಂಟೆನಾ ಕೇಳಿಸಿಕೊಳ್ಳುತ್ತಿರುವುದು ತೀರಾ ಸಣ್ಣ ದನಿಯನ್ನು. ನೀವು ನಿಲ್ಲಿಸುವ ಉಪಕರಣ ಎಷ್ಟೇ ಕರಾರುವಾಕ್ಕಾಗಿ ಮಳೆ ಅಳೆಯಲಿ, ರೇಡಿಯೋ ಗದ್ದಲ ಮಾಡಿದರೆ ಅದಕ್ಕೆ ಅಲ್ಲಿ ಜಾಗವಿಲ್ಲ. ಮುಂದಿನ ಎಲ್ಲ ಹೆಜ್ಜೆಗಳಲ್ಲೂ ಇದೇ ಮೊದಲ ಕಟ್ಟಳೆ.

ಏನನ್ನು ಅಳೆಯಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ

ಕ್ಯಾಟಲಾಗ್ ತೆರೆಯುವ ಮೊದಲು ದೂರದರ್ಶಕ ಯಾವ ತರಂಗದಲ್ಲಿ ಕೆಲಸ ಮಾಡುತ್ತದೆ ಅಂತ ಕೇಳಿ. ಉತ್ತರದ ಮೇಲೆ ಎಲ್ಲವೂ ನಿಂತಿದೆ.

ಮಿಲಿಮೀಟರ್ ತರಂಗಗಳನ್ನು ಹಿಡಿಯುವ ಕಡೆ ಗಾಳಿಯಲ್ಲಿನ ನೀರಾವಿಯೇ ದೊಡ್ಡ ಶತ್ರು. ಚಿಲಿ ದೇಶದ ಆಲ್ಮಾದಲ್ಲಿ 12 ಮೀಟರ್ ಆಂಟೆನಾಗಳ ಮೇಲೆ 183 ಗಿಗಾಹರ್ಟ್ಸ್‌ನ ನೀರಾವಿ ಮಾಪಕಗಳನ್ನೇ ಕೂರಿಸಿದ್ದಾರೆ. ಗೌರಿಬಿದನೂರಿನಂಥ ಕಡೆ ಅದು ಬೇಕಿಲ್ಲ. 34.5 ಮೆಗಾಹರ್ಟ್ಸ್ ಅಂದರೆ ಅಲೆಯ ಉದ್ದವೇ 8.7 ಮೀಟರ್. ಕೆಳಗಿನ ವಾತಾವರಣ ನೆತ್ತಿಯ ಮೇಲಿಂದ ಬರುವ ಅಲೆಯನ್ನು ತಡಮಾಡುವುದು ಸುಮಾರು ಎರಡೂವರೆ ಮೀಟರ್ ಹೆಚ್ಚು ದಾರಿ ನಡೆದಷ್ಟು. ಅದರಲ್ಲಿ ನೀರಾವಿಯ ಪಾಲು ಕೆಲವೇ ಹತ್ತು ಸೆಂಟಿಮೀಟರ್.

ಇಲ್ಲಿ ನಿಜವಾಗಿ ಕಾಡುವುದು ಅಯಾನುಗೋಳ, ಅಂದರೆ ಎಲೆಕ್ಟ್ರಾನ್‌ಗಳು ಬಿಡಿಯಾಗಿ ಇರುವ ಮೇಲಿನ ವಾತಾವರಣ. ಅದು ಮಾಡುವ ತಡ ಆವರ್ತನದ (ಮೆಗಾಹರ್ಟ್ಸ್ ಅಂಕಿಯ) ವರ್ಗಕ್ಕೆ ವಿಲೋಮವಾಗಿ ಬದಲಾಗುತ್ತದೆ. ಒಂದು ಲೆಕ್ಕ ನೋಡಿ. ತಲೆಯ ಮೇಲಿನ ಪ್ರತಿ ಚದರ ಮೀಟರ್ ಕಂಬದಲ್ಲಿ 50 ಟೆಕ್ ಘಟಕದಷ್ಟು (ಟೆಕ್ ಅಂದರೆ ಆ ಕಂಬದ ಒಟ್ಟು ಎಲೆಕ್ಟ್ರಾನ್ ಎಣಿಕೆ) ಎಲೆಕ್ಟ್ರಾನ್ ಇದೆ ಅಂತಿಟ್ಟುಕೊಳ್ಳಿ. ಜಿಪಿಎಸ್‌ನ 1575.42 ಮೆಗಾಹರ್ಟ್ಸ್ ಅಲೆಗೆ ಇದರಿಂದ ಆಗುವ ತಡ ಸುಮಾರು 8 ಮೀಟರ್. ಅದೇ 34.5 ಮೆಗಾಹರ್ಟ್ಸ್‌ಗೆ ಸುಮಾರು 17 ಕಿಮೀ! ಎರಡು ಸಾವಿರ ಪಟ್ಟು ಜಾಸ್ತಿ. ಆಕಾಶದ ಮೂಲ ಇದ್ದ ಜಾಗದಿಂದ ಜರುಗಿದಂತೆ ಕಾಣುವುದು, ಮಿನುಗುವುದು ಎಲ್ಲ ಇದರ ಪರಿಣಾಮ. ನಮ್ಮ ಸೀಮೆ ಭೂಕಾಂತ ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಸಂಜೆ ಸೂರ್ಯ ಮುಳುಗಿದ ಮೇಲೆ, ಅದರಲ್ಲೂ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ಈ ಮಿನುಗು ಜೋರಾಗಿರುತ್ತದೆ.

ಎರಡನೆಯದು ಉಷ್ಣತೆ. ಜನ ಇದನ್ನು ಹಗುರವಾಗಿ ನೋಡುತ್ತಾರೆ. ಆಂಟೆನಾದಿಂದ ಬರುವ ಸಂಕೇತ ಕೊಠಡಿ ಸೇರುವುದು ಉದ್ದದ ಕೋಆಕ್ಸಿಯಲ್ ಕೇಬಲ್‌ನಲ್ಲಿ. ತಾಮ್ರ ಬಿಸಿಯಾದಂತೆ ಅದರ ರೋಧ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. ಕೇಬಲ್‌ನ ನಷ್ಟ ಏರುವುದು ಅದರ ಅರ್ಧದಷ್ಟು, ಅಂದರೆ ಡಿಗ್ರಿಗೆ ಸುಮಾರು 0.2 ಶೇಕಡಾ. ಕೇಬಲ್‌ನಲ್ಲಿ 10 ಡಿಬಿ (ಡೆಸಿಬೆಲ್, ಸಂಕೇತದ ಶಕ್ತಿಯ ಏರಿಳಿತ ಅಳೆಯುವ ಮಾನ) ನಷ್ಟವಿದ್ದು, ಬೆಳಗಿನಿಂದ ಮಧ್ಯಾಹ್ನಕ್ಕೆ ಅದು 20 ಡಿಗ್ರಿ ಬಿಸಿಯಾದರೆ 0.4 ಡಿಬಿ ಹೆಚ್ಚುವರಿ ನಷ್ಟ. ಅಂದರೆ ಸಂಕೇತದ ಶಕ್ತಿಯಲ್ಲಿ ಸುಮಾರು 9 ಶೇಕಡಾ ಕಡಿಮೆ. ಏಪ್ರಿಲ್ ತಿಂಗಳಲ್ಲಿ ಬಂಡೆ ಕಾಯುವ ಈ ಬಯಲಿನಲ್ಲಿ, ನೆಲದ ಮೇಲೆ ಬಿದ್ದಿರುವ ಕಪ್ಪು ಕೇಬಲ್‌ಗೆ 20 ಡಿಗ್ರಿ ಏನೇನೂ ಅಲ್ಲ. ಆಂಟೆನಾ ಬುಡದ ಆಂಪ್ಲಿಫೈಯರ್‌ಗಳ ವರ್ಧನೆಯೂ ಬಿಸಿಯ ಜೊತೆ ಜರುಗುತ್ತದೆ.

ಹಾಗಾಗಿ ನನ್ನ ಪಟ್ಟಿ ಹೀಗಿರುತ್ತದೆ: ಗಾಳಿಯ ಉಷ್ಣತೆ, ಕೇಬಲ್ ಮತ್ತು ಆಂಪ್ಲಿಫೈಯರ್ ಡಬ್ಬಿಯ ಉಷ್ಣತೆ, ಆರ್ದ್ರತೆ, ಮಳೆ, ಗಾಳಿಯ ವೇಗ, ಒತ್ತಡ, ಎರಡು ತರಂಗಗಳ ಜಿಎನ್‌ಎಸ್‌ಎಸ್ (ಜಿಪಿಎಸ್ ತರಹದ ಉಪಗ್ರಹಗಳ ಸಂಕೇತ ಹಿಡಿಯುವ) ರಿಸೀವರ್, ಸಿಡಿಲಿನ ಎಚ್ಚರಿಕೆ. ಮಣ್ಣಿನ ತೇವ ಸೇರಿಸಿದರೆ ಇನ್ನೂ ಒಳ್ಳೆಯದು. ಆಂಟೆನಾದ ಕೆಳಗಿನ ನೆಲ ಒದ್ದೆಯಾದರೆ ಅದರ ವರ್ತನೆಯೇ ಬೇರೆ. ರಾಮನ್ ರಿಸರ್ಚ್ ಇನ್‌ಸ್ಟಿಟ್ಯೂಟಿನವರು 2020ರಲ್ಲಿ, ಮೊದಲ ನಕ್ಷತ್ರಗಳ ಕಾಲದ ಮಂದ ರೇಡಿಯೋ ಸಂಕೇತ ಹುಡುಕುವ ಸರಸ್-3 ಉಪಕರಣವನ್ನು ದಂಡಿಗಾನಹಳ್ಳಿ ಕೆರೆಯ ಮೇಲೂ ಶರಾವತಿ ಹಿನ್ನೀರಿನ ಮೇಲೂ ತೇಲಿಸಿದ್ದು ಇದೇ ಕಾರಣಕ್ಕೆ. ಕೆಳಗೆ ಪದರ ಪದರವಾದ ಮಣ್ಣಿಗಿಂತ ಒಂದೇ ಸಮನಾದ ನೀರು ಇದ್ದರೆ ಲೆಕ್ಕ ಹಿಡಿತಕ್ಕೆ ಬರುತ್ತದೆ.

ಹಳೆಯದನ್ನು ಕೀಳಬೇಡಿ, ಮೊದಲು ಓದಿ

ತಾತ್ಕಾಲಿಕ ಉಪಕರಣ ಎಷ್ಟೇ ಕಳಪೆಯಾಗಿ ಕಾಣಲಿ, ಇಷ್ಟು ವರ್ಷದ ದಾಖಲೆ ಅದರ ಕೈಯಲ್ಲೇ ಇದೆ. ಅದಕ್ಕೆ ಕೈ ಹಾಕುವ ಮುನ್ನ ನಾಲ್ಕು ದಿಕ್ಕಿನಿಂದ ಫೋಟೋ ತೆಗೆಯಿರಿ. ಸೆನ್ಸರ್ ನೆಲದಿಂದ ಎಷ್ಟು ಎತ್ತರದಲ್ಲಿದೆ, ಗೋಡೆ ಎಷ್ಟು ದೂರ, ಕೆಳಗೆ ಹುಲ್ಲೋ ಸಿಮೆಂಟೋ ಬರೆದಿಡಿ. ಲಾಗರ್‌ನ (ಅಂಕಿಗಳನ್ನು ದಾಖಲಿಸುವ ಡಬ್ಬಿಯ) ಗಡಿಯಾರವನ್ನು ಸರಿಯಾದ ಸಮಯದ ಜೊತೆ ಹೋಲಿಸಿ, ಎಷ್ಟು ನಿಮಿಷ ಮುಂದೆ ಅಥವಾ ಹಿಂದೆ ಇದೆ ಅಂತ ಗುರುತು ಹಾಕಿ. ಗಡಿಯಾರವನ್ನು ಆಗಲೇ ತಿದ್ದಲು ಹೋಗಬೇಡಿ. ಮಳೆಮಾಪಕದ ಜೇಡರ ಬಲೆಯನ್ನೂ ಮೊದಲು ಫೋಟೋ ತೆಗೆದೇ ಒರೆಸಿ. ಕಳೆದ ಮಳೆಗಾಲದ ಅಂಕಿಗಳು ಯಾಕೆ ಕಡಿಮೆ ಬಂದವು ಅನ್ನುವುದಕ್ಕೆ ಅದೇ ಸಾಕ್ಷಿ.

ಒತ್ತಡದ ಅಂಕಿಯನ್ನೂ ನೋಡಿ. ಗೌರಿಬಿದನೂರು ಸಮುದ್ರಮಟ್ಟದಿಂದ ಸುಮಾರು 690 ಮೀಟರ್ ಮೇಲಿದೆ. ಅಲ್ಲಿನ ನಿಜವಾದ ಒತ್ತಡ 930ರಿಂದ 940 ಹೆಕ್ಟೋಪ್ಯಾಸ್ಕಲ್ ನಡುವೆ ಇರಬೇಕು. ನಿಮ್ಮ ಹಳೆಯ ಉಪಕರಣ 1010 ಅಂತ ತೋರಿಸುತ್ತಿದ್ದರೆ ಅದು ಸಮುದ್ರಮಟ್ಟಕ್ಕೆ ಇಳಿಸಿದ ಲೆಕ್ಕ. ಹಳೆಯ ಫೈಲಿನಲ್ಲಿ ಯಾವುದು ಇದೆ ಅಂತ ಸ್ಪಷ್ಟವಾಗಿ ಬರೆಯದಿದ್ದರೆ ಮುಂದೆ ಬರುವವರು ಒದ್ದಾಡುತ್ತಾರೆ.

ಗದ್ದಲ ಪರೀಕ್ಷೆ: ಗೇಟು ದಾಟುವ ಮೊದಲೇ

ಹೊಸ ಉಪಕರಣದ ಪ್ರತಿಯೊಂದು ಭಾಗವನ್ನೂ ಆಂಟೆನಾದ ಹತ್ತಿರ ತರುವ ಮೊದಲು ಪರೀಕ್ಷಿಸಬೇಕು. ಇದನ್ನು ಬಿಟ್ಟು ಉಳಿದೆಲ್ಲ ಮಾಡಿದರೂ ಪ್ರಯೋಜನವಿಲ್ಲ.

ಗದ್ದಲ ಎಲ್ಲಿಂದ ಬರುತ್ತದೆ ಅಂತ ಮೊದಲು ತಿಳಿಯೋಣ. ಇಂದಿನ ಲಾಗರ್‌ಗಳಲ್ಲಿ ಒಂದು ಚಿಪ್ ಇರುತ್ತದೆ, ಆ ಚಿಪ್‌ಗೆ ತಾಳ ಹಾಕುವ ಒಂದು ಹರಳು ಇರುತ್ತದೆ. ಹರಳು 16 ಮೆಗಾಹರ್ಟ್ಸ್‌ನದಾದರೆ ಅದರ ಮೂರು ಪಟ್ಟು 48, ನಾಲ್ಕು ಪಟ್ಟು 64, ಆಮೇಲೆ 80, 96, 112, 128, 144. ಎಲ್ಲವೂ ರೇಡಿಯೋಹೀಲಿಯೋಗ್ರಾಫ್ ಕೆಲಸ ಮಾಡುವ 40ರಿಂದ 150 ಮೆಗಾಹರ್ಟ್ಸ್ ಪಟ್ಟಿಯ ಒಳಗೇ ಬೀಳುತ್ತವೆ. ಈಥರ್‌ನೆಟ್ ಬೋರ್ಡಿನ ಹರಳು ಸಾಮಾನ್ಯವಾಗಿ 25 ಮೆಗಾಹರ್ಟ್ಸ್. ಅದರ ಪಟ್ಟುಗಳು 50, 75, 100, 125. ಇವು ಸೂಜಿಯಂತೆ ಒಂದೊಂದೇ ಕಡೆ ಚುಚ್ಚುವ ಗದ್ದಲ. ಮೊಬೈಲ್ ಚಾರ್ಜರ್ ತರಹದ ಸ್ವಿಚಿಂಗ್ ಅಡಾಪ್ಟರ್‌ಗಳದ್ದು ಇನ್ನೂ ಕೆಟ್ಟದ್ದು. ಅವು ಇಡೀ ಪಟ್ಟಿಯನ್ನೇ ಒಟ್ಟಿಗೆ ಮೇಲೆತ್ತುತ್ತವೆ.

ಪರೀಕ್ಷೆಗೆ ಸ್ಪೆಕ್ಟ್ರಮ್ ಅನಲೈಸರ್ ಇದ್ದರೆ ಸರಿ. ಇಲ್ಲದಿದ್ದರೆ ಲ್ಯಾಪ್‌ಟಾಪಿಗೆ ಚುಚ್ಚುವ ಪುಟ್ಟ ರೇಡಿಯೋ ರಿಸೀವರ್, ಅಂದರೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಸಾಕು. ಅದು ಸುಮಾರು 24 ಮೆಗಾಹರ್ಟ್ಸ್‌ನಿಂದ ಮೇಲಕ್ಕೆ ಕೇಳುತ್ತದೆ, ಹಾಗಾಗಿ 34.5 ಕೂಡ ಸಿಗುತ್ತದೆ. ಎಫ್‌ಎಂ ಕೇಂದ್ರಗಳ ಅಬ್ಬರಕ್ಕೆ ಡಾಂಗಲ್ ತತ್ತರಿಸುತ್ತದೆ, ಆದ್ದರಿಂದ ಎಫ್‌ಎಂ ತಡೆಯುವ ಫಿಲ್ಟರ್ ಹಾಕಿ. ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ, ದೂರ ಇಡಿ. ಲ್ಯಾಪ್‌ಟಾಪ್ ತಾನೇ ಗದ್ದಲ ಮಾಡುವ ಯಂತ್ರ ಅಲ್ವಾ?

ಉಪಕರಣವನ್ನು ಒಂದು ಮೀಟರ್ ದೂರದಲ್ಲಿ ಇಟ್ಟು, ಒಂದು ನಿಮಿಷ ಆಫ್, ಒಂದು ನಿಮಿಷ ಆನ್, ಮತ್ತೆ ಆಫ್ ಮಾಡಿ ನೋಡಿ. ಮೂರೂ ಚಿತ್ರಗಳನ್ನು ಉಳಿಸಿ. ಆನ್ ಮಾಡಿದಾಗ ಎದ್ದು, ಆಫ್ ಮಾಡಿದಾಗ ಬಿದ್ದ ಗೆರೆಗಳೆಲ್ಲ ನಿಮ್ಮವು. ಒಮ್ಮೆ ಕೇಬಲ್‌ಗಳನ್ನು ಜೋಡಿಸದೆ, ಇನ್ನೊಮ್ಮೆ ಎಲ್ಲ ಕೇಬಲ್ ಜೋಡಿಸಿ ಪರೀಕ್ಷಿಸಿ. ವ್ಯತ್ಯಾಸ ಕಣ್ಣಿಗೆ ಹೊಡೆಯುವಂತಿರುತ್ತದೆ. 34.5 ಮೆಗಾಹರ್ಟ್ಸ್ ಅಲೆಯ ಕಾಲು ಭಾಗ ಎಂದರೆ 2.2 ಮೀಟರ್. ಡಬ್ಬಿಯಿಂದ ಸೆನ್ಸರ್‌ಗೆ ಹೋಗುವ ಎರಡು ಮೀಟರ್ ತಂತಿ ಹೆಚ್ಚುಕಡಿಮೆ ಅದೇ ಉದ್ದದ ಆಂಟೆನಾ ಆಗಿಬಿಡುತ್ತದೆ. ಡಬ್ಬಿ ಸುಮ್ನೆ ಇದ್ದರೂ ತಂತಿ ಕೂಗುತ್ತದೆ.

ಬಯಲಿನಲ್ಲಿ ದೂರ ನಿಮ್ಮ ಪರವಾಗಿದೆ. ಒಂದು ಮೀಟರ್‌ನಿಂದ 100 ಮೀಟರ್‌ಗೆ ಹೋದರೆ ಸುಮಾರು 40 ಡಿಬಿ ಇಳಿಕೆ ಸಿಗುತ್ತದೆ. ಆದರೂ ದೂರವನ್ನೇ ನಂಬಿ ಕೂರಬೇಡಿ. ದೂರದರ್ಶಕದವರು ಗಂಟೆಗಟ್ಟಲೆ ಸಂಕೇತವನ್ನು ಕೂಡಿಸುತ್ತಾರೆ. ನಿಮ್ಮ ಡಾಂಗಲ್‌ಗೆ ಕಾಣದ ಗೆರೆ ಅವರಿಗೆ ಕಾಣುತ್ತದೆ. ಕೊನೆಯ ಪರೀಕ್ಷೆ ಯಾವಾಗಲೂ ದೂರದರ್ಶಕದ ಮೂಲಕವೇ ಆಗಬೇಕು.

ವೈಫೈ, ಬ್ಲೂಟೂತ್, ಸಿಮ್ ಹಾಕುವ ಮೋಡೆಮ್ ಯಾವುದೂ ಬೇಡ. ಸೆಟ್ಟಿಂಗ್‌ನಲ್ಲಿ ಆಫ್ ಮಾಡಿದರೆ ಸಾಲದು, ಆ ಭಾಗವೇ ಇಲ್ಲದ ಮಾದರಿಯನ್ನು ತನ್ನಿ.

ಕಂಬದ ಮೇಲೆ ಚಿಪ್ ಇರಬಾರದು

ಮೇಲಿನ ಪರೀಕ್ಷೆಯಿಂದ ಹುಟ್ಟುವ ವಿನ್ಯಾಸ ಇದು. ಹೊರಗೆ ಇರುವ ಸೆನ್ಸರ್‌ಗಳೆಲ್ಲ ಮೂಕವಾಗಿರಲಿ. ಹರಳು, ಚಿಪ್, ಲೆಕ್ಕಾಚಾರ ಎಲ್ಲ ಒಂದೇ ಲೋಹದ ಡಬ್ಬಿಯ ಒಳಗಿರಲಿ.

ಉಷ್ಣತೆಗೆ ಪಿಟಿ100 ತೆಗೆದುಕೊಳ್ಳಿ. ಅದು ಬರೀ ಪ್ಲಾಟಿನಂ ರೋಧ, ಗದ್ದಲಕ್ಕೆ ಅದರಲ್ಲಿ ಏನೂ ಇಲ್ಲ. ಸೊನ್ನೆ ಡಿಗ್ರಿಯಲ್ಲಿ 100 ಓಮ್, ಪ್ರತಿ ಡಿಗ್ರಿಗೆ 0.385 ಓಮ್ ಏರಿಕೆ. ಇಲ್ಲಿ ತಂತಿಯ ಲೆಕ್ಕ ಮರೆಯಬೇಡಿ. 0.5 ಚದರ ಮಿಮೀ ತಾಮ್ರದ ತಂತಿಯನ್ನು 20 ಮೀಟರ್ ಎಳೆದರೆ, ಹೋಗಿ ಬರುವ 40 ಮೀಟರ್‌ಗೆ ಸುಮಾರು 1.4 ಓಮ್ ಆಗುತ್ತದೆ. ಎರಡೇ ತಂತಿಯಲ್ಲಿ ಜೋಡಿಸಿದರೆ ಸುಮಾರು 3.6 ಡಿಗ್ರಿ ಸುಳ್ಳು ಬಿಸಿ ತೋರಿಸುತ್ತದೆ. ಅದೂ ತಂತಿ ಬಿಸಿಲಿಗೆ ಕಾದಂತೆ ಆ ಸುಳ್ಳೂ ಬದಲಾಗುತ್ತಿರುತ್ತದೆ. ನಾಲ್ಕು ತಂತಿಯ ಜೋಡಣೆಯನ್ನೇ ಮಾಡಿ. ಖರ್ಚು ಸ್ವಲ್ಪ ಜಾಸ್ತಿ, ತಲೆನೋವು ಇಲ್ಲ.

ಗಾಳಿಗೆ ಬಟ್ಟಲಿನ ಮಾಪಕ, ಒಳಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡುವ ಸ್ವಿಚ್) ಇರುವಂಥದ್ದು. ಅಲ್ಟ್ರಾಸಾನಿಕ್ ಮಾಪಕ ನೋಡಲು ಚೆಂದ, ತಿರುಗುವ ಭಾಗವಿಲ್ಲ. ಆದರೆ ಅದರ ತಲೆಯಲ್ಲೇ ಪ್ರೊಸೆಸರ್ ಇರುತ್ತದೆ. ರೇಡಿಯೋ ಬಯಲಿನಲ್ಲಿ ನಾನು ಅದನ್ನು ಆರಿಸುವುದಿಲ್ಲ. ಮಳೆಗೆ ಟಿಪ್ಪಿಂಗ್ ಬಕೆಟ್ (ತುಂಬಿದಂತೆಲ್ಲ ಮಗುಚಿ ಎಣಿಸುವ ಪುಟ್ಟ ಬಟ್ಟಲು), ಅದೂ ರೀಡ್ ಸ್ವಿಚ್‌ನದೇ. ಆರ್ದ್ರತೆಗೆ ಅನಲಾಗ್ ವೋಲ್ಟೇಜ್ ಕೊಡುವ ಸೆನ್ಸರ್. ಒತ್ತಡದ ಸೆನ್ಸರ್ ಡಬ್ಬಿಯ ಒಳಗೇ ಇರಲಿ, ಸಣ್ಣ ಕೊಳವೆಯಲ್ಲಿ ಹೊರಗಿನ ಗಾಳಿ ತಲುಪಿಸಿ. ಕೊಳವೆಯ ಬಾಯಿಗೆ ಸಣ್ಣ ಜಾಲರಿ ಬೇಕೇ ಬೇಕು. ಕಣಜ ಹುಳಕ್ಕೆ ಅಂಥ ತೂತು ಕಂಡರೆ ಒಂದೇ ದಿನದಲ್ಲಿ ಮಣ್ಣು ಮೆತ್ತಿ ಮುಚ್ಚಿಬಿಡುತ್ತದೆ. ಆಮೇಲೆ ಒತ್ತಡದ ಗೆರೆ ಹೊರಗಿನದನ್ನು ಬಿಟ್ಟು ಡಬ್ಬಿಯ ಬಿಸಿಯನ್ನು ಹಿಂಬಾಲಿಸುತ್ತದೆ.

ಉಷ್ಣತೆಯ ಸೆನ್ಸರ್‌ಗೆ ಫ್ಯಾನ್ ಇರುವ ನೆರಳುಗೂಡು ಒಳ್ಳೆಯದು ಅಂತ ಪುಸ್ತಕಗಳು ಹೇಳುತ್ತವೆ, ನಿಜ. ಆದರೆ ಫ್ಯಾನಿನ ಮೋಟಾರು ಗದ್ದಲ ಮಾಡುತ್ತದೆ. ತಟ್ಟೆಗಳ ಮಧ್ಯೆ ಗಾಳಿ ತಾನೇ ಹಾಯುವ ಗೂಡು ಹಾಕಿ, ಗಾಳಿ ನಿಂತ ಮಧ್ಯಾಹ್ನಗಳಲ್ಲಿ ಒಂದೆರಡು ಡಿಗ್ರಿ ಜಾಸ್ತಿ ತೋರಿಸಬಹುದು ಅನ್ನುವುದನ್ನು ದಾಖಲೆಯಲ್ಲಿ ಬರೆದಿಡಿ. ಈ ರಾಜಿ ಇಲ್ಲಿ ಸರಿಯಾದದ್ದು.

ಡಬ್ಬಿ ಅಲ್ಯೂಮಿನಿಯಂನದಾಗಲಿ. ಮುಚ್ಚಳ ಕೂರುವ ಅಂಚಿನಲ್ಲಿ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗುವಂತೆ ಮಾಡಿ, ವಿದ್ಯುತ್ ಹಾಯುವ ಗ್ಯಾಸ್ಕೆಟ್ ಹಾಕಿ. ಒಳಹೋಗುವ ಪ್ರತಿ ತಂತಿಯೂ ರೇಡಿಯೋ ಗದ್ದಲವನ್ನು ಡಬ್ಬಿಯ ಗೋಡೆಯಲ್ಲೇ ತಡೆಯುವ ಫೀಡ್‌ಥ್ರೂ ಕೆಪಾಸಿಟರ್ ದಾಟಿಯೇ ಹೋಗಬೇಕು. ಹೊರಗಿನ ತಂತಿಗಳನ್ನು ಫೆರೈಟ್ ಬಳೆಯಲ್ಲಿ ಮೂರು ನಾಲ್ಕು ಸುತ್ತು ಹಾಯಿಸಿ. ಈ ತರಂಗಗಳಿಗೆ 31ನೇ ನಮೂನೆಯ ಫೆರೈಟ್ ಹೊಂದುತ್ತದೆ. ಡಬ್ಬಿಯಿಂದ ಕೊಠಡಿಗೆ ಮಾಹಿತಿ ಹೋಗುವುದು ಆಪ್ಟಿಕಲ್ ಫೈಬರ್‌ನಲ್ಲಿ, ಒಳಗೆ ಉಕ್ಕಿನ ಎಳೆ ಇಲ್ಲದ ಫೈಬರ್‌ನಲ್ಲಿ. ಫೈಬರ್ ಗದ್ದಲ ಹೊರುವುದಿಲ್ಲ, ಸಿಡಿಲನ್ನೂ ಹೊರುವುದಿಲ್ಲ. ಅಷ್ಟು ಹಣ ಇಲ್ಲದ ಕಾಲೇಜುಗಳು ಮೆಮೊರಿ ಕಾರ್ಡಿನಲ್ಲಿ ತುಂಬಿಸಿ ವಾರಕ್ಕೊಮ್ಮೆ ತಂದುಕೊಳ್ಳಬಹುದು. ಅದರಲ್ಲಿ ಕೀಳು ಏನೂ ಇಲ್ಲ.

ಜಾಗ ಮತ್ತು ಕಂಬ

ಗಾಳಿಯ ಮಾಪಕಕ್ಕೆ 10 ಮೀಟರ್ ಎತ್ತರ ಬೇಕು ಅನ್ನುವುದು ಎಲ್ಲೆಡೆಯ ಪದ್ಧತಿ. ಆದರೆ 10 ಮೀಟರ್ ಕಬ್ಬಿಣದ ಕಂಬ ಡೈಪೋಲ್‌ಗಳ ನಡುವೆ ನಿಂತರೆ ಅದು ಅಲೆಗಳನ್ನು ಚೆದುರಿಸುವ ಕನ್ನಡಿ. ಕಂಬವನ್ನು ಆಂಟೆನಾ ಸಾಲುಗಳಿಂದ ಆಚೆ ನಿಲ್ಲಿಸಿ, ಎಲ್ಲಿ ಎಂಬುದನ್ನು ದೂರದರ್ಶಕದವರನ್ನು ಕೇಳಿಯೇ ಗುರುತು ಮಾಡಿ. ಆಂಟೆನಾದ ಹತ್ತಿರವೇ ಗಾಳಿ ತಿಳಿಯಬೇಕಾದರೆ ಮೂರು ಮೀಟರ್ ಫೈಬರ್‌ಗ್ಲಾಸ್ ಕಂಬ ಹಾಕಿ, ಎತ್ತರವನ್ನು ದಾಖಲಿಸಿ.

ಉಷ್ಣತೆಯ ಸೆನ್ಸರ್ ನೆಲದಿಂದ 1.25ರಿಂದ 2 ಮೀಟರ್ ನಡುವೆ, ಮಣ್ಣು ಅಥವಾ ಹುಲ್ಲಿನ ಮೇಲೆ. ಕಾಂಕ್ರೀಟ್ ಚಪ್ಪಡಿಯ ಮೇಲೆ ಅಲ್ಲ. ಮಳೆಮಾಪಕದ ಅಂಚು ನೆಲದಿಂದ 30 ಸೆಂಮೀ, ಹವಾಮಾನ ಇಲಾಖೆಯ ಪದ್ಧತಿ ಅದು. ಸುತ್ತ ಬೇಲಿ ಹಾಕಿ, ಇಲ್ಲದಿದ್ದರೆ ಮೇಯಲು ಬಂದ ಕುರಿಗಳು ಅದಕ್ಕೇ ಮೈ ಉಜ್ಜುತ್ತವೆ. ಬೇಲಿ ಕಲ್ಲುಕಂಬದ್ದಾಗಲಿ. ಕರೆಂಟ್ ಬೇಲಿಯ ಪೆಟ್ಟಿಗೆ ಪ್ರತಿ ಸೆಕೆಂಡಿಗೂ ಟಪ್ ಟಪ್ ಅಂತ ರೇಡಿಯೋದಲ್ಲಿ ಹೊಡೆಯುತ್ತದೆ. ಪಕ್ಕದ ಮುಸುಕಿನ ಜೋಳದ ಹೊಲಕ್ಕೆ ಯಾರಾದರೂ ಅಂಥದ್ದು ಹಾಕಿದ್ದರೆ ಮನೆಗೆ ಹೋಗಿ ಕೂತು ಮಾತಾಡಿ. ನೋಟಿಸಿಗಿಂತ ಅದು ಬೇಗ ಕೆಲಸ ಮಾಡುತ್ತದೆ.

ಕೇಬಲ್‌ನ ಉಷ್ಣತೆಗೆ ಒಂದು ಸೆನ್ಸರನ್ನು ಕೇಬಲ್ ಹೂತ ಆಳದಲ್ಲೇ ಇಡಿ. ಹಗಲು-ರಾತ್ರಿಯ ಬಿಸಿ ಮಣ್ಣಿನಲ್ಲಿ ಹತ್ತು-ಹದಿನೈದು ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಅರ್ಧ ಮೀಟರ್ ಕೆಳಗೆ ಬಹುತೇಕ ಇಲ್ಲವೇ ಇಲ್ಲ. ಕೇಬಲ್‌ಗಳನ್ನು ಹೂಳಲು ಸಾಧ್ಯವಿದ್ದರೆ ಅದೇ ಅರ್ಧ ಮೀಟರ್‌ಗೆ ಹೂಳಿ. ಹೆಗ್ಗಣಗಳು ಕಡಿಯದಂತೆ ಪೈಪಿನೊಳಗೆ ಹಾಯಿಸಿ, ಪೈಪಿನ ಎರಡೂ ಬಾಯಿ ಮುಚ್ಚಿ.

ಕರೆಂಟು

ಬಯಲು ಅಂದ ಕೂಡಲೇ ಎಲ್ಲರೂ ಸೋಲಾರ್ ಅನ್ನುತ್ತಾರೆ. ಸೋಲಾರ್ ಫಲಕ ಮೂಕ, ಆದರೆ ಅದರ ಜೊತೆ ಬರುವ ಚಾರ್ಜ್ ಕಂಟ್ರೋಲರ್ ಅಲ್ಲ. ಇಂದು ಸಿಗುವ ಬಹುತೇಕ ಕಂಟ್ರೋಲರ್‌ಗಳು ಸ್ವಿಚಿಂಗ್ ಮಾದರಿಯವು. ಸೂರ್ಯನನ್ನು ನೋಡುವ ದೂರದರ್ಶಕ ಹಗಲಲ್ಲೇ ಕೆಲಸ ಮಾಡುತ್ತದೆ, ಕಂಟ್ರೋಲರ್ ಕೂಡ ಹಗಲಲ್ಲೇ ಗದ್ದಲ ಮಾಡುತ್ತದೆ. ಒಂದು ಕಾಲೇಜಿನಲ್ಲಿ ಮಕ್ಕಳು ಆಂಟೆನಾದಲ್ಲಿ ಬೆಳಗ್ಗೆ ಏರಿ ಸಂಜೆ ಇಳಿಯುವ ಸಂಕೇತ ಕಂಡು ಸೂರ್ಯ ಸಿಕ್ಕಿದ ಅಂತ ಖುಷಿಪಟ್ಟಿದ್ದನ್ನು ನೋಡಿದ್ದೇನೆ. ಮೋಡ ಬಂದರೆ ಕಡಿಮೆ, ಬಿಸಿಲು ಬಂದರೆ ಜಾಸ್ತಿ. ಫಲಕದ ತಂತಿ ಬಿಚ್ಚಿದಾಗ ಸಂಕೇತವೂ ಹೋಯಿತು.

ಹಾಗಾಗಿ ಕೊಠಡಿ ಹತ್ತಿರ ಇದ್ದರೆ ಅಲ್ಲಿಂದಲೇ ಡಿಸಿ ತನ್ನಿ. ಹಳೆಯ ಕಾಲದ ಭಾರದ ಟ್ರಾನ್ಸ್‌ಫಾರ್ಮರ್, ಬ್ರಿಡ್ಜ್ ರೆಕ್ಟಿಫೈಯರ್, ಲೀನಿಯರ್ ರೆಗ್ಯುಲೇಟರ್. ಬಿಸಿಯಾಗುತ್ತದೆ, ವಿದ್ಯುತ್ ಪೋಲಾಗುತ್ತದೆ, ಆದರೆ ಮೌನವಾಗಿರುತ್ತದೆ. ರೆಕ್ಟಿಫೈಯರ್ ಡಯೋಡ್‌ಗಳಿಗೆ ಅಡ್ಡಲಾಗಿ ಸಣ್ಣ ಕೆಪಾಸಿಟರ್ ಹಾಕುವುದನ್ನು ಮರೆಯಬೇಡಿ.

ಕರೆಂಟ್ ಹೋದಾಗ ಬೇಕಾಗುವ ಬ್ಯಾಟರಿಯ ಲೆಕ್ಕ ಸುಲಭ. ಇಡೀ ವ್ಯವಸ್ಥೆ 12 ವೋಲ್ಟ್‌ನಲ್ಲಿ 150 ಮಿಲಿಆಂಪ್ ಎಳೆದರೆ ದಿನಕ್ಕೆ 3.6 ಆಂಪ್-ಅವರ್. ಐದು ದಿನ ತಡೆಯಲು 18. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆದ್ದರಿಂದ 40 ಆಂಪ್-ಅವರ್‌ನದು ತನ್ನಿ. ಬ್ಯಾಟರಿಯನ್ನು ನೆರಳಿನಲ್ಲಿ, ಗಾಳಿ ಆಡುವ ಬೇರೆ ಪೆಟ್ಟಿಗೆಯಲ್ಲಿಡಿ.

ಸಿಡಿಲು

ಭರಣಿ ಮಳೆ ಬಂದರೆ ಧರಣಿ ಬೆಳೆದೀತು ಅನ್ನುತ್ತಾರೆ ನಮ್ಮ ರೈತರು. ಏಪ್ರಿಲ್-ಮೇ ತಿಂಗಳ ಆ ಮಳೆಗಳೇ ಗುಡುಗು-ಸಿಡಿಲನ್ನೂ ಹೊತ್ತು ತರುವುದು. ಕೆಲಸವೆಲ್ಲ ಸಂಕ್ರಾಂತಿ ಕಳೆದ ಮೇಲೆ ಶುರುಮಾಡಿ ಯುಗಾದಿಯೊಳಗೆ ಮುಗಿಸುವುದು ಉತ್ತಮ. ಹೊಲಗಳು ಖಾಲಿ ಇರುತ್ತವೆ, ನೆಲ ಒಣಗಿರುತ್ತದೆ, ಆಕಾಶ ತಣ್ಣಗಿರುತ್ತದೆ.

ಈ ಜಿಲ್ಲೆಗಳ ನೆಲ ಬಂಡೆಯದು. ಮೇಲೆ ಒಂದಿಷ್ಟು ಕೆಂಪು ಮಣ್ಣು, ಕೆಳಗೆ ಕಲ್ಲು. ಅರ್ಥಿಂಗ್ ಸಿಗುವುದು ಕಷ್ಟ. ಅರ್ಥ್ ಗುಂಡಿಗೆ ಬೆಂಟೊನೈಟ್ ಜೇಡಿಮಣ್ಣು ತುಂಬಿ. ಅದು ಇದ್ದಿಲು-ಉಪ್ಪಿಗಿಂತ ಹೆಚ್ಚು ಕಾಲ ತೇವ ಹಿಡಿಯುತ್ತದೆ, ಪೈಪನ್ನೂ ತಿನ್ನುವುದಿಲ್ಲ. ಒಂದು ಗುಂಡಿ ಸಾಲದಿದ್ದರೆ ಎರಡು ಮೂರು ತೋಡಿ ತಾಮ್ರದ ಪಟ್ಟಿಯಿಂದ ಸೇರಿಸಿ. ಅರ್ಥ್ ಟೆಸ್ಟರ್‌ನಲ್ಲಿ ಅಳೆಯುವುದು ಮಾರ್ಚ್ ಕೊನೆಯಲ್ಲಿ, ನೆಲ ಒಣಗಿ ಬಿರಿದಾಗ. ಮಳೆ ಬಂದ ಮಾರನೇ ದಿನ ಅಳೆದು ಒಳ್ಳೆಯ ಅಂಕಿ ಬಂತು ಅಂದರೆ ಅದಕ್ಕೆ ಅರ್ಥವಿಲ್ಲ. 5 ಓಮ್ ಒಳಗೆ ಬರಬೇಕು.

ಕಂಬದ ಅರ್ಥ್, ಡಬ್ಬಿಯ ಅರ್ಥ್, ಕೊಠಡಿಯ ಅರ್ಥ್ ಎಲ್ಲವನ್ನೂ ಒಂದಕ್ಕೊಂದು ಕಟ್ಟಿ. ಬೇರೆ ಬೇರೆ ಬಿಟ್ಟರೆ ಸಿಡಿಲು ಬಿದ್ದಾಗ ಅವುಗಳ ನಡುವಿನ ವೋಲ್ಟೇಜ್ ನಿಮ್ಮ ಲಾಗರ್ ಮೂಲಕ ಹರಿಯುತ್ತದೆ. ಒಳಬರುವ ಪ್ರತಿ ತಂತಿಗೂ ಸರ್ಜ್ ಅರೆಸ್ಟರ್ ಇರಲಿ. ಜಿಎನ್‌ಎಸ್‌ಎಸ್ ಆಂಟೆನಾದ ಕೋಆಕ್ಸಿಯಲ್‌ಗೆ ಗ್ಯಾಸ್ ಟ್ಯೂಬ್ ಇರುವ ಅರೆಸ್ಟರ್ ಬೇರೆ ಸಿಗುತ್ತದೆ.

ಜಿಎನ್‌ಎಸ್‌ಎಸ್ ರಿಸೀವರ್

ಅಯಾನುಗೋಳವನ್ನು ಅಳೆಯಲು ಒಂದೇ ತರಂಗದ ಜಿಪಿಎಸ್ ಸಾಲದು. ಎರಡು ತರಂಗಗಳ ತಡದ ವ್ಯತ್ಯಾಸದಿಂದಲೇ ಎಲೆಕ್ಟ್ರಾನ್ ಲೆಕ್ಕ ಸಿಗುವುದು. ಉಪಗ್ರಹಗಳು ಬಳಸುವ ತರಂಗಗಳಲ್ಲಿ ಎಲ್1 ಜೊತೆಗೆ ಎಲ್5 ಅಥವಾ ಎಲ್2 ಇರಲಿ. ಟೆಕ್ ಲೆಕ್ಕಕ್ಕೆ 30 ಸೆಕೆಂಡಿಗೊಂದು ಅಂಕಿ ಸಾಕು. ಮಿನುಗು ಹಿಡಿಯಬೇಕಾದರೆ ಸೆಕೆಂಡಿಗೆ 50 ಅಂಕಿ ಕೊಡುವ ರಿಸೀವರ್ ಬೇಕು, ಬೆಲೆ ಬಹಳ ಜಾಸ್ತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂತಾರಾಷ್ಟ್ರೀಯ ಜಿಎನ್‌ಎಸ್‌ಎಸ್ ಜಾಲದ ಕೇಂದ್ರವಿದೆ. ಅದರ ಅಂಕಿಗಳ ಜೊತೆ ನಿಮ್ಮದನ್ನು ಹೋಲಿಸಿದರೆ ರಿಸೀವರ್ ಸರಿ ಇದೆಯೋ ಇಲ್ಲವೋ ಬೇಗ ತಿಳಿಯುತ್ತದೆ. ರಿಸೀವರ್ ಪೆಟ್ಟಿಗೆಯನ್ನು ಕೊಠಡಿಯ ಒಳಗೆ, ಲೋಹದ ಬೀರುವಿನಲ್ಲಿಡಿ. ಹೊರಗೆ ಇರಬೇಕಾದ್ದು ಆಂಟೆನಾ ಮಾತ್ರ.

ಮೇಜಿನ ಮೇಲೆ ತಾಳೆ ನೋಡುವುದು

ಕಂಬಕ್ಕೆ ಏರಿಸುವ ಮೊದಲು ಪ್ರತಿ ಸೆನ್ಸರನ್ನೂ ನಿಮ್ಮ ಕೈಯಾರೆ ಪರೀಕ್ಷಿಸಿ. ಕಂಪನಿಯ ಸರ್ಟಿಫಿಕೇಟ್ ಇದ್ದರೂ ಸರಿ.

ಪಿಟಿ100ಗೆ ಥರ್ಮಾಸ್ ಫ್ಲಾಸ್ಕಿನಲ್ಲಿ ಪುಡಿಮಾಡಿದ ಮಂಜುಗಡ್ಡೆ, ಅದು ನೆನೆಯುವಷ್ಟು ಡಿಸ್ಟಿಲ್ಡ್ ನೀರು. ಅರ್ಧ ಗಂಟೆ ಬಿಟ್ಟು ನೋಡಿದರೆ 100.0 ಓಮ್ ಬರಬೇಕು. ಬರದಿದ್ದರೆ ಎಷ್ಟು ವ್ಯತ್ಯಾಸ ಅಂತ ಬರೆದು ಲಾಗರ್‌ನಲ್ಲಿ ತಿದ್ದಿ.

ಆರ್ದ್ರತೆಗೆ ಅಡುಗೆ ಉಪ್ಪು. ಗಾಳಿ ಆಡದ ಡಬ್ಬದಲ್ಲಿ ಸಣ್ಣ ಬಟ್ಟಲು, ಅದರಲ್ಲಿ ಉಪ್ಪಿಗೆ ಸ್ವಲ್ಪ ನೀರು ಹಾಕಿ ಗಟ್ಟಿ ಗಂಜಿಯಂತೆ ಕಲಸಿಡಿ. ಪಕ್ಕದಲ್ಲಿ ಸೆನ್ಸರ್, ಉಪ್ಪು ತಾಗದಂತೆ. ಒಂದು ರಾತ್ರಿ ಬಿಟ್ಟರೆ ಒಳಗಿನ ಆರ್ದ್ರತೆ 75 ಶೇಕಡಾಕ್ಕೆ ನಿಲ್ಲುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಸಿಕ್ಕರೆ ಅದು 33 ಕೊಡುತ್ತದೆ. ಎರಡು ಬಿಂದು ಸಿಕ್ಕಿದರೆ ಗೆರೆ ಎಳೆಯಬಹುದು.

ಮಳೆಮಾಪಕಕ್ಕೆ ನೀರು ಸುರಿಯಬೇಕು. ಬಾಯಿಯ ವ್ಯಾಸ 20 ಸೆಂಮೀ ಆದರೆ ವಿಸ್ತೀರ್ಣ 314 ಚದರ ಸೆಂಮೀ. 314 ಮಿಲಿ ನೀರು ಅಂದರೆ 10 ಮಿಮೀ ಮಳೆ. ಅದನ್ನು ಡ್ರಿಪ್ ಬಾಟಲಿಯಿಂದ ಅರ್ಧ ಗಂಟೆ ತೊಟ್ಟಿಕ್ಕಿಸಿ. 0.5 ಮಿಮೀ ಬಕೆಟ್ ಆದರೆ 20 ಸಲ ಮಗುಚಬೇಕು, 0.2 ಮಿಮೀ ಆದರೆ 50 ಸಲ. ಲೋಟದಿಂದ ಒಮ್ಮೆಲೇ ಸುರಿದರೆ ಎಣಿಕೆ ಕಡಿಮೆ ಬರುತ್ತದೆ, ಬಕೆಟ್ ಮಗುಚುವ ಹೊತ್ತಿಗೆ ನೀರು ಪಕ್ಕಕ್ಕೆ ಹೋಗಿರುತ್ತದೆ. ಜೋರು ಮಳೆಯಲ್ಲಿ ಆಗುವುದೂ ಅದೇ.

ಹಳೆಯದೂ ಹೊಸದೂ ಒಟ್ಟಿಗೆ ಓಡಲಿ

ಇದು ಎಲ್ಲಕ್ಕಿಂತ ತಾಳ್ಮೆ ಬೇಡುವ ಹೆಜ್ಜೆ, ಎಲ್ಲರೂ ಬಿಟ್ಟುಬಿಡುವ ಹೆಜ್ಜೆಯೂ ಹೌದು. ಹೊಸದು ನಿಂತ ದಿನವೇ ಹಳೆಯದನ್ನು ಕಿತ್ತರೆ ದಾಖಲೆಯಲ್ಲಿ ಒಂದು ಮೆಟ್ಟಿಲು ಹುಟ್ಟುತ್ತದೆ. ಆ ವರ್ಷ ನಿಜವಾಗಿ ಬಿಸಿ ಏರಿತೋ ಅಥವಾ ಸೆನ್ಸರ್ ಬದಲಾಯಿತೋ ಅಂತ ಹೇಳಲು ಆಮೇಲೆ ಯಾರಿಂದಲೂ ಆಗುವುದಿಲ್ಲ. ಸಾಧ್ಯವಾದರೆ ಒಂದು ಪೂರ್ತಿ ವರ್ಷ ಜೊತೆಗೆ ಓಡಿಸಿ. ಆಗದಿದ್ದರೆ ಒಂದು ಬೇಸಿಗೆ ಮತ್ತು ಒಂದು ಮಳೆಗಾಲವಾದರೂ ಸೇರಲಿ. ಹಳೆಯದು ತೀರಾ ಗದ್ದಲ ಮಾಡುತ್ತಿದ್ದರೆ ದೂರದರ್ಶಕ ಕೆಲಸ ಮಾಡದ ಗಂಟೆಗಳಲ್ಲಿ ಮಾತ್ರ ಓಡಿಸಿ, ಆ ಗಂಟೆಗಳನ್ನು ವಾರಕ್ಕೊಮ್ಮೆ ಬದಲಾಯಿಸಲು ಕೇಳಿಕೊಳ್ಳಿ.

ಎರಡರ ಸರಾಸರಿ ವ್ಯತ್ಯಾಸ ಒಂದನ್ನೇ ತೆಗೆದು ಮುಗಿಸಬೇಡಿ. ವ್ಯತ್ಯಾಸವನ್ನು ದಿನದ ಗಂಟೆಗೆ ಎದುರಾಗಿ ಚಿತ್ರಿಸಿ, ಗಾಳಿಯ ವೇಗಕ್ಕೆ ಎದುರಾಗಿ ಇನ್ನೊಂದು. ರಾತ್ರಿ ಎರಡೂ ಒಂದೇ ಹೇಳುತ್ತಾ, ಗಾಳಿ ಇಲ್ಲದ ಮಧ್ಯಾಹ್ನ ಮಾತ್ರ ಹಳೆಯದು ಜಾಸ್ತಿ ತೋರಿಸಿದರೆ ತಪ್ಪು ನೆರಳುಗೂಡಿನದು. ದಿನವಿಡೀ ಒಂದೇ ವ್ಯತ್ಯಾಸ ಇದ್ದರೆ ತಂತಿಯದೋ ಸೆನ್ಸರಿನದೋ. ಮಳೆಯ ಅಂಕಿಗೆ ಇನ್ನೊಂದು ಆಸರೆ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ಪಕ್ಕದ ಪಂಚಾಯಿತಿಯ ತಿಂಗಳ ಮೊತ್ತದ ಜೊತೆ ಹೋಲಿಸಿ. ದಿನದಿನದ ಹೋಲಿಕೆ ಬೇಡ, ಬೇಸಿಗೆಯ ಮಳೆ ಈ ಹೊಲಕ್ಕೆ ಬಿದ್ದರೆ ಆ ಹೊಲಕ್ಕೆ ಇಲ್ಲ.

ಸಮಯವನ್ನು ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲೇ) ಬರೆಯಿರಿ, ದೂರದರ್ಶಕದ ದಾಖಲೆಯೂ ಅದರಲ್ಲೇ ಇರುತ್ತದೆ. ನಮ್ಮ ದೇಶದಲ್ಲಿ ಮಳೆಯ ದಿನ ಬೆಳಗ್ಗೆ 8:30ಕ್ಕೆ ಮುಗಿಯುತ್ತದೆ. ಅದು ಸರಿಯಾಗಿ 03:00 ಯುಟಿಸಿ. ದಿನದ ಮೊತ್ತವನ್ನು ಆ ಗಂಟೆಗೇ ಕೂಡಿಸಿದರೆ ಇಲಾಖೆಯ ಅಂಕಿಗೂ ನಿಮ್ಮದಕ್ಕೂ ತಾಳೆಯಾಗುತ್ತದೆ.

ಹಳೆಯದನ್ನು ತೆಗೆಯುವುದು

ಜೊತೆ ಓಟ ಮುಗಿದ ಮೇಲೆ ಬದಲಾವಣೆಯ ದಿನವನ್ನು ದೂರದರ್ಶಕದವರ ಜೊತೆ ಕೂತು ಗೊತ್ತುಮಾಡಿ. ಯಾವುದೋ ದೊಡ್ಡ ವೀಕ್ಷಣೆಯ ನಡುವೆ ಬೇಡ. ತ್ರಿಪಾದಿ, ಡಬ್ಬಿ, ಅಡಾಪ್ಟರ್ ಎಲ್ಲ ತೆಗೆಯಿರಿ. ಹಳೆಯ ತಂತಿಗಳನ್ನು ಕತ್ತರಿಸಿ ಮಣ್ಣಿನಲ್ಲೇ ಬಿಡಬೇಡಿ. ಯಾವುದಕ್ಕೂ ಜೋಡಿಸದ ತಂತಿ ಕೂಡ ಬೇರೆ ಕಡೆಯ ಗದ್ದಲವನ್ನು ಹಿಡಿದು ಆಂಟೆನಾದ ಹತ್ತಿರ ತಂದು ಬಿಡುತ್ತದೆ. ಪೂರ್ತಿ ಎಳೆದು ತೆಗೆದು ಕಾಲುವೆ ಮುಚ್ಚಿ. ಹಳೆಯ ಉಷ್ಣತೆಯ ಸೆನ್ಸರನ್ನು ಮಾತ್ರ ಎಸೆಯಬೇಡಿ, ಹೆಸರು ಚೀಟಿ ಅಂಟಿಸಿ ಬೀರುವಿನಲ್ಲಿಡಿ. ಮುಂದೆ ಯಾರಿಗಾದರೂ ಹಳೆಯ ಅಂಕಿಗಳ ಮೇಲೆ ಅನುಮಾನ ಬಂದರೆ ಅದನ್ನು ಮತ್ತೆ ಮಂಜುಗಡ್ಡೆಯಲ್ಲಿ ಅದ್ದಿ ನೋಡಬಹುದು.

ಎಲ್ಲ ಮುಗಿದ ದಿನ ಗದ್ದಲ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಈ ಸಲ ದೂರದರ್ಶಕದಿಂದಲೇ. ಆನ್-ಆಫ್ ಚಿತ್ರಗಳನ್ನು ದಿನಾಂಕ ಹಾಕಿ ಫೈಲಿಗೆ ಸೇರಿಸಿ. ಆರು ತಿಂಗಳಿಗೊಮ್ಮೆ ಅದೇ ಪರೀಕ್ಷೆ, ಅದರಲ್ಲೂ ಮಳೆಗಾಲ ಕಳೆದ ಮೇಲೆ ತಪ್ಪದೆ. ಗ್ಯಾಸ್ಕೆಟ್ ತುಕ್ಕು ಹಿಡಿದು ಸಡಿಲವಾಗುವುದು ಆಗಲೇ.